'ಹೋಗಿ ಬರ್ರಿ' ಗುಂಡಿ

ಲಗ್ನಪತ್ರಿಕೆಯ ಕರಡು ತಿದ್ದುತ್ತಿದ್ದವನ ಕೈಗೆ ವೆಬ್‌ಸೈಟು ಕೊಟ್ಟರೆ ಏನೇನಾಗಬೇಕೋ ಅದೆಲ್ಲ ಆಗುತ್ತಲೇ ಇರುತ್ತದೆ. ಬೈಲಹೊಂಗಲದ ಪ್ರೆಸ್ಸು ಬಿಟ್ಟು ಬೀಜದ ಅಂಗಡಿ ಸೇರಿದ್ದೆ. ಮೊಬೈಲು ಕೆಲವರ ಕಿಸೆಯಲ್ಲಷ್ಟೇ ಇದ್ದ ಕಾಲ. ಸಾವಕಾರರು ಅಂಗಡಿಯಲ್ಲೇ ಕಂಪ್ಯೂಟರ್ ಇಟ್ಟು, ಗಿರಾಕಿಗಳು ವೆಬ್‌ಸೈಟಿನಲ್ಲಿ ಮಾಲು ಆರಿಸಲಿ ಎಂದು ಆಸೆಪಟ್ಟಿದ್ದರು.

"ಸಿನಿಮಾದವರು ಹುಟ್ಟಿಸಿದ ಕ್ಲಿಂಗಾನ್ ಭಾಷಾದಾಗೂ ವೆಬ್‌ಸೈಟ್ ಅದಾವಂತ್ರಿ. ನಮ್ಮ ಕನ್ನಡದಾಗ ಯಾಕ ಬ್ಯಾಡ?" ಎಂದು ಜಂಬ ಕೊಚ್ಚಿಕೊಂಡೆ.

"ಆತು, ವೆಬ್‌ಸೈಟಿನ ಗುಂಡಿಗಳ ಹೆಸರು ನೀನ ಬರಿ. ದೀಪಾವಳಿತನಕ ನಾಕ ಮಂದಿ ಗಿರಾಕಿ ಮುಟ್ಟಲಿಲ್ಲಂದ್ರ ಇಂಗ್ಲಿಷ್ ಹಾಕಸ್ತೇನಿ. ನೀ ಪ್ರೆಸ್ಸಿಗೆ ಹೋಗು" ಎಂದರು ಸಾವಕಾರರು.

೧. ಸುಖಾಗಮನ

ಸಂಪರ್ಕದ ಗುಂಡಿಗೆ ಹಳೇ ಚಾಳಿಯಂತೆ 'ಸುಖಾಗಮನ ಬಯಸುವವರು' ಎಂದು ಬರೆದು, ಕೆಳಗೆ ಸಾವಕಾರರ ಹೆಸರು ಹಾಕಿದೆ. ಚಚಡಿಯಲ್ಲಿದ್ದ ಅವರ ಭಾವನವರು ನೋಡಿ, "ನನ್ನ ಹೆಸರ ಎಲ್ಲೈತಿ?" ಎಂದು ಮುಖ ಊದಿಸಿಕೊಂಡರು. ಅವರದನ್ನು ಸೇರಿಸಿದರೆ ಸಾವಕಾರರ ಕಾಕಾ ಬಿಡುತ್ತಾರೆಯೇ? ಕೊನೆಗೆ ಬೀಜ ಕಾಣಬೇಕಾದರೆ ಇಡೀ ಬೀಗರ ಬಳಗ ದಾಟಬೇಕಾಯಿತು. ಮೊದಲ ಗಿರಾಕಿ ಎಲ್ಲ ಓದಿ ಕೇಳಿದ: "ಛಲೋ ಆತ್ರಿ, ಲಗ್ನದ ಅಕ್ಕಿಕಾಳು ಯಾವತ್ತ?"

೨. ಏನ್ ಬೇಕ್ರಿ?

"ಅಂಗಡಿಗೆ ಬಂದವ್ರಿಗೆ ನೀವ ಹುಡುಕ್ಕೋರಿ ಅಂತಾರೇನೋ?" ಎಂದು ಸಾವಕಾರರು ರೇಗಿದ್ದಕ್ಕೆ, 'ಹುಡುಕಿ' ಎಂಬ ಗುಂಡಿಯನ್ನು 'ಏನ್ ಬೇಕ್ರಿ?' ಎಂದು ಬದಲಿಸಿದೆ. ರಾಮದುರ್ಗದ ಮುದುಕರೊಬ್ಬರು ಅದನ್ನು ಓದಿ, "ಎರಡು ಕುಡಗೋಲು!" ಎಂದು ಪರದೆಗೆ ಗಟ್ಟಿಯಾಗಿ ಹೇಳಿ ಕೈಕಟ್ಟಿ ಕೂತರು. ಕೇಳಿಸಿಕೊಂಡ ಆಳು ಒಳಗಿನಿಂದ ತಂದುಕೊಟ್ಟ.

"ಮಶೀನ್ ಭಾರಿ ಚುರುಕೈತಿ ಬಿಡ್ರಿ!" ಎಂದರು ಮುದುಕರು.

ಗುಂಡಿಯನ್ನು ಮಾತ್ರ ಅವರೂ ಮುಟ್ಟಲಿಲ್ಲ. ದೀಪಾವಳಿ ಹತ್ತಿರ ಬಂತು, ನನಗೆ ಊಟ ಸೇರದಾಯಿತು.

೩. ಹೋಗಿ ಬರ್ರಿ

ಕೆಲಸ ಮುಗಿಸಿ ಹೊರಬೀಳುವ ಕೊನೆಯ ಗುಂಡಿಗೆ 'ಹೊರಗೆ ಹೋಗಿ' ಎಂದು ಬರೆಯಲು ಮನಸ್ಸಾಗಲಿಲ್ಲ. ಬಂದವರನ್ನು ಹಾಗೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. 'ಹೋಗಿ ಬರ್ರಿ' ಎಂದು ಬರೆದೆ.

ಉಳ್ಳಾಗಡ್ಡಿ ಬೀಜಕ್ಕೆ ಬಂದ ಮನೋಳಿಯ ಅಜ್ಜಿಯೊಬ್ಬರು ಕನ್ನಡ ಸಾಲಿ ಕಲಿತವರು. ಅವರನ್ನು ಕಂಪ್ಯೂಟರ್ ಮುಂದೆ ಕೂಡಿಸಿದೆ. ತಾವೇ ಓದಿ ಓದಿ ಒತ್ತಿ, ಬೀಜ ತಗೊಂಡು, ಕೊನೆಗೆ ಪರದೆಗೆ ಕೈಮುಗಿದು "ಬರ್ತೇನ್ರಿ" ಎಂದು ಹೋದರು.

ದೀಪಾವಳಿಗೆ ಮುಂಚೆ ಅದೇ ಅಜ್ಜಿ ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದರು.

"ಯಾವ ಬೀಜ ಬೇಕವ್ವಾ?" ಎಂದರು ಸಾವಕಾರರು.

"ನನಗ ಬೀಜ ಬ್ಯಾಡೋ ತಮ್ಮಾ. ಹೋಗಿ ಬರ್ರಿ ಅಂದಿತ್ತು, ಬಂದೇನಿ. ಅಷ್ಟು ಮರ್ಯಾದಿಲೆ ಹೇಳಿದ ಮ್ಯಾಲ ಬರದಿದ್ರ ಚಂದ ಏನು?"

ಹೆಂಗಸರು ಪಾಳಿ ಹಚ್ಚಿ ಕೂತು ಗುಂಡಿ ಒತ್ತಿದರು, ಬೀಜ ತಗೊಂಡರು. "ಇಂಗ್ಲಿಷೂ ಬ್ಯಾಡ, ನೀ ಪ್ರೆಸ್ಸಿಗೆ ಹೋಗೂದೂ ಬ್ಯಾಡ" ಎಂದು ಸಾವಕಾರರು ನನ್ನ ಬೆನ್ನು ತಟ್ಟಿದರು. ಖುಷಿಗೆ ಕಣ್ಣು ತುಂಬಿತು.

ಅಷ್ಟರಲ್ಲಿ ಅಜ್ಜಿ ಗಂಟು ಬಿಚ್ಚಿ ಶೇಂಗಾ ಹೋಳಿಗೆ ತೆಗೆದರು. ನಾನು ನಾಚಿಕೊಳ್ಳುತ್ತ ಕೈ ಒಡ್ಡಿದೆ.

"ನಿನಗಲ್ಲಪಾ, ಕರದವ್ರಿಗೆ" ಎಂದು ನನ್ನ ಕೈ ಸರಿಸಿ, ಹೋಳಿಗೆಯನ್ನು ಕಂಪ್ಯೂಟರಿನ ಮುಂದೆ ಇಟ್ಟರು.