ಶನಿವಾರ ಕೆಡುವ ಫಂಕ್ಷನ್ ಜನರೇಟರಿಗೆ ಆಷಾಢದ ಅರ್ಜಿ

ಮೈಸೂರು, ೧ ಆಗಸ್ಟ್ ೧೯೯೬

ಪಾಂಡವಪುರದ ನಮ್ಮ ಕೋಣೆಯ ಏಕೈಕ ಮೇಜಿನ ಮೇಲೆ ವಿರಾಜಮಾನರಾಗಿರುವ ಮಾನ್ಯ ಫಂಕ್ಷನ್ ಜನರೇಟರ್ ಅವರೇ,

ತಮ್ಮ ಕಾಯಿಲೆ ಏನೆಂದು ನನಗೆ ಗೊತ್ತಾಗಿಬಿಟ್ಟಿತು, ತವರಿನ ಜಗಲಿಯಲ್ಲಿ ಕುಳಿತೇ ಗೊತ್ತಾಗಿಬಿಟ್ಟಿತು, ಆ ಖುಷಿಗೆ ಅಮ್ಮನ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೇನೆ!

ತಾವು ಮರೆತಿದ್ದರೆ ನೆನಪಿಸುತ್ತೇನೆ: ಮೇ ತಿಂಗಳಲ್ಲಿ ತಮ್ಮ ಒಡೆಯರಾದ ಪಾಲಿಟೆಕ್ನಿಕ್ ಮೇಷ್ಟ್ರು ಚಂದ್ರಶೇಖರಾಚಾರ್ ಅವರನ್ನು ಮದುವೆಯಾಗಿ, ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದೆಂದು ತವರು ಸೇರಿದವಳು ನಾನು. ಈ ವರ್ಷ ಅಧಿಕ ಆಷಾಢವೂ ಸೇರಿ ಎರಡು ತಿಂಗಳು ಅವರು ತಮಗೊಬ್ಬರಿಗೇ ಮೀಸಲು.

ಗುಜರಿಯಿಂದ ಬಂದ ಮೂವತ್ತು ವರ್ಷದ ಹಿರಿಯರಾದರೂ, ಗುಂಡಿ ತಿರುಗಿಸಿದಂತೆ ದುಂಡು, ಚೌಕ, ತ್ರಿಕೋನ ಹೀಗೆ ಬೇಕಾದ ಆಕಾರದ ವಿದ್ಯುತ್ ಅಲೆ ಹೊರಡಿಸುವ ತಮ್ಮ ಪ್ರತಿಭೆಗೆ ನಮೋ ನಮಃ. ನಮ್ಮವರು ಬರೆದ ಆರು ಇನ್‌ಲ್ಯಾಂಡ್ ಪತ್ರಗಳಲ್ಲಿ "ಪ್ರಿಯ ದಿವ್ಯ" ಎಂಬಲ್ಲಿ ಮಾತ್ರ ನಾನಿದ್ದೇನೆ. ಉಳಿದದ್ದೆಲ್ಲ ತಮ್ಮ ನಾಡಿಬಡಿತ. ಶನಿವಾರ ತಮ್ಮ ಅಲೆ ನಡುಗುತ್ತದಂತೆ, ಭಾನುವಾರ ಅವರು ಒಂದು ಟ್ರಾನ್ಸಿಸ್ಟರ್ ಬದಲಾಯಿಸುತ್ತಾರಂತೆ, ಮಂಗಳವಾರ ತಾವು ಗುಣವಾಗುತ್ತೀರಂತೆ, ಮುಂದಿನ ಶನಿವಾರ ಮತ್ತೆ ನಡುಕವಂತೆ. ನಮ್ಮೂರ ಬಸ್ಸುಗಳೂ ಇಷ್ಟು ಹೊತ್ತಿಗೆ ಸರಿಯಾಗಿ ಬರುವುದಿಲ್ಲ.

ಆರೂ ಪತ್ರಗಳನ್ನು ಸಾಲಾಗಿ ಹರಡಿದಾಗ ಹೊಳೆಯಿತು. ನಮ್ಮದು ಕಮ್ಮಾರರ ಮನೆ. ಮಾವನವರ ಸುತ್ತಿಗೆ, ಇಕ್ಕಳಗಳಿಗೆ ಪ್ರತಿ ಶುಕ್ರವಾರ ಅತ್ತೆ ಲಲಿತಮ್ಮನವರು ಅರಿಸಿನದ ನೀರು ಚಿಮುಕಿಸಿ ಕುಂಕುಮವಿಡುತ್ತಾರೆ. ಜೊತೆಗೆ ತಮಗೂ. ಈ ಪೆಟ್ಟಿಗೆಗೆ ಯಾಕೆಂದು ಹೊಸತರಲ್ಲಿ ಕೇಳಿದ್ದೆ. "ಇದೂ ಕಬ್ಣನೇ ಅಲ್ವೇನವ್ವ? ನನ್ ಮಗ ಅನ್ನ ತಿನ್ನೋದು ಇದ್ರಿಂದ್ಲೇ. ಪೂಜೆ ಮಾಡ್ದೆ ಬುಟ್ರೆ ಮುನಿಸ್ಕತ್ತದೆ ಕಣವ್ವ" ಎಂದಿದ್ದರು.

ಮುನಿಸಲ್ಲ, ನೆಗಡಿ! ದೊಡ್ಡ ಗುಂಡಿಯ ಸಂದಿನಲ್ಲಿ ಇಳಿದ ನೀರು ಶನಿವಾರ ತಮ್ಮನ್ನು ನಡುಗಿಸುತ್ತದೆ, ಮಂಗಳವಾರದ ಹೊತ್ತಿಗೆ ಒಣಗುತ್ತದೆ, ಹೊಗಳಿಕೆ ಮಾತ್ರ ಭಾನುವಾರದ ಟ್ರಾನ್ಸಿಸ್ಟರಿಗೆ. ಶುಕ್ರವಾರ ಕಾಲೇಜಿನಿಂದ ಬರುವ ಮೇಷ್ಟ್ರಿಗೆ ಕುಂಕುಮದ ಬೊಟ್ಟು ಕಾಣುತ್ತದೆ, ನೀರು ಕಾಣುವುದಿಲ್ಲ. ಎಲೆಕ್ಟ್ರಾನಿಕ್ಸಿನಲ್ಲಿ ಅವರು ಚಿನ್ನದ ಪದಕ ಪಡೆದವರು.

ಆದ್ದರಿಂದ ವಿನಂತಿ: ಅತ್ತೆಯವರ ಮನಸ್ಸು ನೋಯದಂತೆ ಒಣ ಕುಂಕುಮವನ್ನು ಮಾತ್ರ ಸ್ವೀಕರಿಸಿ, ನೀರಿನ ಬಟ್ಟಲು ಕಂಡೊಡನೆ ತಾವೇ ಎದ್ದು ಎರಡು ಹೆಜ್ಜೆ ಹಿಂದೆ ಸರಿಯಬೇಕು. ಅದು ಕಷ್ಟವೆನಿಸಿದರೆ ಅಂಚೆಯ ಕರಿಯಯ್ಯನವರು ನೆರವಾಗುತ್ತಾರೆ. ಅವರು ಬಾಗಿಲಲ್ಲಿ ನಿಂತು ಮನೆಮಂದಿಗೆಲ್ಲ ಗಟ್ಟಿಯಾಗಿ ಓದಿ ಹೇಳಲೆಂದೇ ಇದನ್ನು ನಾಲ್ಕು ತೆರೆದ ಅಂಚೆ ಕಾರ್ಡುಗಳಲ್ಲಿ ಬರೆದಿದ್ದೇನೆ. ಅವಸರಕ್ಕೆ ಕಾರಣವಿದೆ. ಆರನೆಯ ಪತ್ರದ ಕೊನೆಯ ಸಾಲು ಹೀಗಿದೆ: "ಜನರೇಟರ್ ನೀನು ಬರುವಷ್ಟರಲ್ಲಿ ಪೂರ್ತಿ ಸರಿಹೋಗದಿದ್ದರೆ, ನಿನ್ನನ್ನು ಕರೆತರಲು ಸ್ಟೇಷನ್ನಿಗೆ ಅಪ್ಪನನ್ನು ಕಳಿಸುತ್ತೇನೆ." ಎರಡು ತಿಂಗಳು ದಿನ ಎಣಿಸಿ, ಹೊಸ ಸೀರೆಯುಟ್ಟು, ತಲೆತುಂಬ ಮಲ್ಲಿಗೆ ಮುಡಿದು ಇಳಿಯುವವಳ ಎದುರಿಗೆ ಮಾವನವರು!

ತಮ್ಮ ವಿಶ್ವಾಸಿ, ಆ ಮೇಜಿನ ಅರ್ಧಕ್ಕೆ ಹಕ್ಕುದಾರಳು,
ದಿವ್ಯ

ಮರೆತ ಮಾತು: ಪ್ಲಾಟ್‌ಫಾರಂನಲ್ಲಿ ನಮ್ಮವರು ಕಾಣದಿದ್ದರೆ, ಮರುದಿನ ಶುಕ್ರವಾರದ ಪೂಜೆ ನನ್ನದು, ಬಟ್ಟಲು ಸಾಲದು, ಬಿಂದಿಗೆ ತರುತ್ತೇನೆ. ಶ್ರಾವಣದ ಮೊದಲ ದಿನ, ಆಗಸ್ಟ್ ಹದಿನೈದು, ಗುರುವಾರ, ಮೈಸೂರಿನಿಂದ ಬೆಳಗ್ಗೆ ಹೊರಡುವ ಬೆಂಗಳೂರು ಪ್ಯಾಸೆಂಜರು.