ಪಂಚಾಕ್ಷರಿಯ ಮೂರಕ್ಷರದ ಯಂತ್ರ

"ನೋಡಯ್ಯಾ ಮರುಳಸಿದ್ಧ! ಇಂಗ್ಲಿಷ್ ನಾಮಪದದ ಮೊದಲ ಮೂರು ಅಕ್ಷರ ಸಾಕು. ಉಳಿದಿದ್ದನ್ನ ತಾನೇ ಊಹಿಸ್ಕೊಂಡು ಕನ್ನಡದಲ್ಲಿ ಹೇಳ್ತದೆ!"

ಹೆಸರು ಪಂಚಾಕ್ಷರಿ, ಯಂತ್ರಕ್ಕೆ ಮಾತ್ರ ಮೂರೇ ಅಕ್ಷರ! ಅರಸೀಕೆರೆಯ ಈ ರೇಡಿಯೋ ರಿಪೇರಿಯವನು ಯಂತ್ರದ ಗಾಜಿನ ಕಣ್ಣನ್ನು ಮ್ಯಾಂಗೋ ಪಿಕಲ್ ಶೀಸೆಗೆ ಹಿಡಿದ. ಡಬ್ಬಿ ಗೊರಗೊರ ಎಂದು, "ಮನುಷ್ಯನ ಉಪ್ಪಿನಕಾಯಿ" ಎಂದಿತು.

"ಥೂ! ಇದನ್ನ ತಿಂದೋರು ಯಾರಯ್ಯಾ!"

"ಮ್ಯಾನ್ ಅಂದ್ರೆ ಮನುಷ್ಯ ತಾನೇ? ಇಂಗ್ಲಿಷ್‌ನೋರು ಸುಮ್ಸುಮ್ನೆ ಪದ ಉದ್ದ ಮಾಡ್ತಾರೆ. ಅದು ನನ್ ತಪ್ಪಾ?"

ಆಗಲೇ ಎದ್ದು ಹೋಗಬೇಕಿತ್ತು. ಆದರೆ ಮರುಳಸಿದ್ಧಪ್ಪನ ಜೇಬಿನಲ್ಲಿ ಅಕ್ಕ ನೀಲಮ್ಮನ ಕಾಗದವಿತ್ತು. ಅವನ ಮನೆಯ ಮದುವೆಯಲ್ಲಿ ಆರತಿಗೆ ತನ್ನನ್ನು ಮೊದಲು ಕರೆಯಲಿಲ್ಲವೆಂದು ಮುನಿಸಿಕೊಂಡು ಹೋದವಳು, ಹನ್ನೆರಡು ವರ್ಷದ ಮೇಲೆ ಪುಣೆಯಿಂದ ಬರೆದಿದ್ದಳು. ಕಣ್ಣು ಮಂಜಾದವಳ ಪರವಾಗಿ ಕನ್ನಡ ಬಾರದ ಸೊಸೆ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದಳು. ಬೇರೆಯವರಿಂದ ಓದಿಸಿದರೆ ಮನೆಯ ಜಗಳ ಊರಿಗೆಲ್ಲ ಗೊತ್ತಾಗುತ್ತದಲ್ಲ! ಅವನು ಕಾಗದವನ್ನು ಯಂತ್ರಕ್ಕೆ ಹಿಡಿದ.

"ಪ್ರಿಯ ಪೊರಕೆಯೇ, ನಿನ್ನಲ್ಲಿ ಗಿಳಿ ಕೇಳುತ್ತೇನೆ. ಹನ್ನೆರಡನೇ ತಾರೀಖು ಹತ್ತು ಗಂಟೆಗೆ ಪ್ರತಿಮೆಯ ಬಳಿ ಕಾಯುತ್ತೇನೆ."

ಪಂಚಾಕ್ಷರಿ ಬೆವರಿದ. ಮರುಳಸಿದ್ಧಪ್ಪನಿಗೋ ಎಲ್ಲ ಅರ್ಥವಾಗಿತ್ತು. ಚಿಕ್ಕವನಿದ್ದಾಗ ಅವನ ಕೂದಲು ನೆಟ್ಟಗೆ ನಿಲ್ಲುತ್ತಿತ್ತು. ಅಕ್ಕ ಕರೆಯುತ್ತಿದ್ದದ್ದೇ "ಲೋ ಪೊರಕೆ" ಎಂದು! ಅವಳ ಮರದ ಗಿಳಿಯನ್ನು ಬಾವಿಗೆ ಹಾಕಿದವನೂ ಅವನೇ.

"ಇನ್ನೂ ಮರ್ತಿಲ್ಲ ಕಣಯ್ಯಾ ನಮ್ಮಕ್ಕ" ಎಂದು ಕಣ್ಣೊರೆಸಿಕೊಂಡ.

ಹನ್ನೆರಡನೇ ತಾರೀಖು ಒಂಬತ್ತೂವರೆಗೇ ಅವನು ಹಸಿರು ಬಣ್ಣದ ಮರದ ಗಿಳಿ ಹಿಡಿದು ಸರ್ಕಲ್ಲಿನ ಪ್ರತಿಮೆಯ ಕೆಳಗೆ ನಿಂತ. ಪಕ್ಕದಲ್ಲಿ ಯಂತ್ರ ಹೊತ್ತ ಪಂಚಾಕ್ಷರಿ. ಹತ್ತಾಯಿತು, ಹತ್ತೂವರೆಯಾಯಿತು. ಹೋಗಿಬರುವವರೆಲ್ಲ "ಗಿಳಿ ಎಷ್ಟಣ್ಣಾ?" ಎನ್ನತೊಡಗಿದರು!

ಹೊತ್ತು ಹೋಗದೆ ಪಂಚಾಕ್ಷರಿ ರಸ್ತೆಯ ಬೋರ್ಡಿಗೆ ಯಂತ್ರ ಹಿಡಿದ. "ಪ್ರತಿಮೆ ರಸ್ತೆ" ಎಂದಿತು. ಮರುಳಸಿದ್ಧಪ್ಪ ಬೋರ್ಡಿನ ಕನ್ನಡ ಸಾಲು ಓದಿದ: ಸ್ಟೇಷನ್ ರಸ್ತೆ.

"ಅಯ್ಯೋ ನಿನ್ ಮನೆ ಹಾಳಾಗ! ಅಕ್ಕ ಸ್ಟೇಷನ್‌ನಲ್ಲಿದಾಳೆ ಕಣೋ!"

ಇಬ್ಬರೂ ಬಿದ್ದು ಎದ್ದು ಓಡಿದರು. ಪ್ಲಾಟ್‌ಫಾರ್ಮ್ ಖಾಲಿಯಾಗಿತ್ತು.

"ಒಬ್ರು ಅಮ್ಮ ಆ ಬೆಂಚಲ್ಲಿ ಕೂತಿದ್ರು" ಎಂದರು ಸ್ಟೇಷನ್ ಮಾಸ್ಟರ್. "ತಮ್ಮ ಬರ್ತಾನೆ ಅಂತಿದ್ರು. ಕೊನೆಗೆ ಸೊಸೆ ಕೈ ಹಿಡ್ಕೊಂಡು ಮೈಸೂರು ಗಾಡಿ ಹತ್ತಿದ್ರು. ಈಗ ತಾನೇ ಹೋಯ್ತು." ಮರುಳಸಿದ್ಧಪ್ಪ ಯಂತ್ರ ಓದಿದ್ದನ್ನು ಹೇಳಿ ಕೊಟ್ಟ ಕಾಗದವನ್ನು ಓದಿ ತಲೆಯಾಡಿಸಿದರು. "ಬ್ರೂಮ್ ಅಲ್ಲ ಕಣ್ರೀ, ಬ್ರದರ್. ಪ್ಯಾರಟ್ ಅಲ್ಲ, ಪಾರ್ಡನ್. ಕ್ಷಮಿಸು ಅಂತ ಬರೆಸಿದಾರೆ."

ಮರುಳಸಿದ್ಧಪ್ಪ ಆ ಬೆಂಚಿನ ಮೇಲೆ ಕುಸಿದು ಕುಳಿತ. ಆರತಿಗೆ ಮೊದಲು ಕರೆಯದಿದ್ದವನು ತಾನು. ಕ್ಷಮೆ ಕೇಳಿದವಳು ಅವಳು!

"ನಾಲ್ಕಕ್ಷರಕ್ಕೆ ಏರಿಸ್ತೀನಿ ಕಣಯ್ಯಾ..." ಎಂದು ಪಂಚಾಕ್ಷರಿ ಮೆಲ್ಲಗೆ ಹೇಳಿದ.

"ಮೊದ್ಲು ಬಾಯಿ ಮುಚ್ಚು. ಒಂದು ಪೆನ್ ಕೊಡು."

ಪುಣೆಯ ವಿಳಾಸಕ್ಕೆ ಗಿಳಿಯ ಜೊತೆ ಹೋದ ಕಾಗದ ಅಚ್ಚ ಕನ್ನಡದಲ್ಲಿತ್ತು: "ಅಕ್ಕಾ, ನೀನು ಕೇಳಿದ್ದು ಗಿಳಿಯಲ್ಲ ಅಂತ ತಡವಾಗಿ ಗೊತ್ತಾಯಿತು. ನೀನು ಕೇಳಿದ್ದನ್ನು ನಾನು ಕೇಳಬೇಕಿತ್ತು. ಮುಂದಿನ ವಾರ ನಾನೇ ಬರುತ್ತೇನೆ, ಆರತಿ ತಟ್ಟೆ ತೆಗೆದಿಡು. ಇಂತಿ, ನಿನ್ನ ಪೊರಕೆ."