ದುಬೈಗೆ ಹೋಗುವಷ್ಟೇ ಹೊತ್ತು

ಗಂಡ ಪರದೇಶದಲ್ಲಿದ್ದರೆ ಹೆಂಡತಿಯೇ ವಿಚಾರಣೆಯ ಕೌಂಟರು. ನನ್ನ ಗಂಡ ಕೆನಡಾದ ಉತ್ತರ ತುದಿಯ ರೆಸಲ್ಯೂಟ್ ಎಂಬ ಊರಿನ ಹೋಟೆಲಿನಲ್ಲಿ ಅಡುಗೆಯವರು. ಜನವರಿಯಲ್ಲಿ ಅವರ ತಂಗಿಯ ಮದುವೆ. ಹೋಮದಲ್ಲಿ ಮದುಮಗಳ ಕೈಗೆ ಅರಳು ಹಾಕಬೇಕಾದವರು ಒಬ್ಬನೇ ಅಣ್ಣ, ಇವರು. ಬರಬೇಕಾದರೆ ಮೊದಲು ಸಣ್ಣ ವಿಮಾನದಲ್ಲಿ ಇಕಾಲುಯಿಟ್ ಎಂಬ ಊರಿಗೆ ಮುಟ್ಟಬೇಕು. ಅಲ್ಲಿಂದ ಮುಂದೆ ದೊಡ್ಡ ಊರುಗಳು.

ಅತ್ತೆಯ ಲೆಕ್ಕ

"ಆ ಎರಡು ಊರಿಗೆ ಎಷ್ಟು ದೂರ ಉಂಟು?" ಅತ್ತೆ ಕೇಳಿದರು. ಮಗುವಿಗೆ ಗಂಜಿ ತಿನ್ನಿಸುತ್ತಾ ಮೊಬೈಲ್ ನೋಡಿ ಹೇಳಿದೆ, "ಒಂದೂವರೆ ಸಾವಿರ ಕಿಲೋಮೀಟರ್. ಸಣ್ಣ ವಿಮಾನ ನಿಧಾನ, ಹೆಚ್ಚುಕಡಿಮೆ ಇಲ್ಲಿಂದ ದುಬೈಗೆ ಹೋಗುವಷ್ಟೇ ಹೊತ್ತು."

ಅತ್ತೆ ಮಗುವಿನ ಬಾಯಿ ಒರೆಸಿದರು. "ಹಾಗಾದರೆ ದುಬೈಯಲ್ಲೇ ಕೆಲಸ ಹುಡುಕಬಹುದಿತ್ತಲ್ಲ."

ಮಾವನ ದಾರಿ

ಹಿಮಗಾಳಿಗೆ ಮೊದಲ ವಿಮಾನ ರದ್ದಾಯಿತು. ಹಂಪನಕಟ್ಟೆಯಲ್ಲಿ ಅಂಗಡಿ ಇಟ್ಟಿರುವ ನನ್ನ ಸೋದರಮಾವ ಫೋನ್ ಮಾಡಿದರು.

"ನೈಟ್ ಬಸ್ಸಿಗೆ ಬರಲಿಕ್ಕೆ ಹೇಳು."

"ರಸ್ತೆಯೇ ಇಲ್ಲ ಮಾವ."

"ರಸ್ತೆ ಇಲ್ಲದೆ ಸಿಮೆಂಟು ಹೇಗೆ ತಂದರು?"

"ಹಡಗಿನಲ್ಲಿ."

"ಹಾಗಾದರೆ ಹಡಗಿನಲ್ಲಿ ಬರಲಿ."

"ಈಗ ಸಮುದ್ರ ಹೆಪ್ಪುಗಟ್ಟಿದೆ."

"ಗಟ್ಟಿ ಉಂಟಾ? ನಮ್ಮ ಸಿಟಿ ಬಸ್ಸಿನವರಾದರೆ ಇಷ್ಟೊತ್ತಿಗೆ ಅದರ ಮೇಲೆ ಪರ್ಮಿಟ್ ತೆಗೆದು ಓಡಿಸುತ್ತಿದ್ದರು ಮಾರಾಯ್ತಿ."

ಹೋಗಿ ಬಂದದ್ದು

ಮುಂದಿನ ವಿಮಾನ ಹಾರಿತು. ಮನೆಗೆಲ್ಲ ಪಾಯಸ ಮಾಡಿದೆ. ಪಾತ್ರೆ ತೊಳೆಯುವಾಗ ಗಂಡನ ಫೋನ್: "ಇಕಾಲುಯಿಟಿನಲ್ಲಿ ಮಂಜಿಗೆ ಇಳಿಯಲು ಆಗಲಿಲ್ಲ. ತಿರುಗಿ ರೆಸಲ್ಯೂಟಿಗೇ ತಂದು ಬಿಟ್ಟರು. ಇನ್ನು ಮದುವೆಗೆ ಮೊದಲು ಬೇರೆ ವಿಮಾನ ಇಲ್ಲ."

ನಾದಿನಿ ಅತ್ತಳು. "ಅಣ್ಣ ಇಲ್ಲದಿದ್ದರೆ ನಾನು ಮಂಟಪಕ್ಕೆ ಬರುವುದಿಲ್ಲ."

ಅತ್ತೆಗೆ ಬೇರೆಯೇ ಸಂಕಟ. "ಅಷ್ಟು ದೂರ ಹೋದವರು ಇವನನ್ನು ಅರ್ಧ ದಾರಿಯಲ್ಲಾದರೂ ಇಳಿಸಬಾರದಿತ್ತಾ?"

ಪೂರ್ವ ದಿಕ್ಕು

ಕೊನೆಗೆ ಭಟ್ಟರು ದಾರಿ ತೋರಿಸಿದರು. ಅಣ್ಣ ಫೋನಿನಲ್ಲಿ ಕಾಣಲಿ, ಅವನ ಪರವಾಗಿ ಹೆಂಡತಿ ಅರಳು ಹಾಕಲಿ. ನಾದಿನಿ ಕಣ್ಣೊರೆಸಿಕೊಂಡು ಮಂಟಪಕ್ಕೆ ಬಂದಳು. ನನ್ನ ಒಂದು ಕೈಯಲ್ಲಿ ಅರಳು, ಇನ್ನೊಂದರಲ್ಲಿ ಗಂಡ.

"ಅಣ್ಣ ಪೂರ್ವಕ್ಕೆ ಮುಖ ಮಾಡಲಿ," ಎಂದರು ಭಟ್ಟರು.

ಇವರು ಹೋಟೆಲಿನ ಅಡುಗೆಮನೆಯಲ್ಲಿ ಸುತ್ತಮುತ್ತ ನೋಡಿದರು. "ಪೂರ್ವ ಯಾವುದು ಗೊತ್ತಾಗುವುದಿಲ್ಲ ಭಟ್ರೇ."

"ಸೂರ್ಯ ಹುಟ್ಟುವ ಕಡೆ ಮಾರಾಯ."

"ಇಲ್ಲಿ ಸೂರ್ಯ ಹುಟ್ಟುವುದು ಮುಂದಿನ ತಿಂಗಳು."

ಭಟ್ಟರು ಗಡಿಯಾರ ನೋಡಿದರು. ಹಾಲ್ ಇಡೀ ಕಾಯುತ್ತಿತ್ತು. "ಹಾಗಾದರೆ ಅಲ್ಲಿಯ ಪೂರ್ವ ಬೇಡ. ಫೋನನ್ನೇ ನಮ್ಮ ಪೂರ್ವಕ್ಕೆ ತಿರುಗಿಸಮ್ಮ."

ತಿರುಗಿಸಿದೆ. ಅರಳು ಹಾಕಿದೆ. ನಾದಿನಿ ನಕ್ಕಳು, ಅತ್ತೆ ಅತ್ತರು, ಮದುವೆ ಚಂದದಲ್ಲಿ ಮುಗಿಯಿತು. ಆಮೇಲೆ ಫೋನನ್ನು ನನ್ನ ಕಡೆ ತಿರುಗಿಸಿ, "ಎಲ್ಲ ಕಂಡಿತಾ?" ಎಂದು ಕೇಳಿದೆ.

"ಕೈ ತೊಳೆಯುವ ಜಾಗ ಮಾತ್ರ ಕಂಡಿತು," ಎಂದರು. "ಆ ಮೂರನೇ ನಲ್ಲಿ ನಿಲ್ಲಿಸಲು ಯಾರಿಗಾದರೂ ಹೇಳು. ಮುಹೂರ್ತದಿಂದ ಸುರಿಯುತ್ತಾ ಉಂಟು."